ತಾಳೆಯಾದ ಲೆಕ್ಕವನ್ನು ನಂಬದವನು

ಗಂಟೆ ಎಷ್ಟೆಂದು ಕೇಳಿ, ಉತ್ತರ ಪಡೆದು, "ಯಾವ ಗಡಿಯಾರದಲ್ಲಿ?" ಎಂದು ಮರುಪ್ರಶ್ನೆ ಹಾಕುವ ಮನುಷ್ಯನೊಡನೆ ಬಹುಕಾಲ ಕೆಲಸ ಮಾಡುವುದು ಸುಲಭವಲ್ಲ. ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ನಾನು ಮುಖ್ಯಸ್ಥೆಯಾಗಿದ್ದಾಗ ಅಲ್ಲಿನ ಡೇಟಾಬೇಸ್ ನೋಡಿಕೊಳ್ಳುತ್ತಿದ್ದವನು ಅಂಥವನು. ಎಲ್ಲರೂ ಅವನನ್ನು 'ಇನ್ನೊಂದ್ಸಲ' ಎಂದೇ ಕರೆಯುತ್ತಿದ್ದರು. ಸರ್ವರ್ ಕೋಣೆಯ ಚಳಿಗೆಂದು ಹೊಲಿಸಿಕೊಂಡ ದಪ್ಪ ಕಂದು ಕೋಟನ್ನು ಕ್ಯಾಂಟೀನಿನ ಸೆಕೆಯಲ್ಲೂ ಕಳಚದೆ, ಭುಜ ಗೋಡೆಗೆ ಉಜ್ಜುವಷ್ಟು ಬದಿಗೆ ಸರಿದು, ಹಿಂದೆ ಬರುವವರು ಮೊದಲು ದಾಟಿಹೋಗಲಿ ಎಂಬಂತೆ ನಿಧಾನವಾಗಿ ನಡೆಯುತ್ತಿದ್ದ. ಚಹಾಕ್ಕೆ ಸಕ್ಕರೆ ಹಾಕಿದೆ ಎಂದು ಕ್ಯಾಂಟೀನಿನವನು ಹೇಳಿದರೆ, ಒಂದು ಗುಟುಕು ಕುಡಿದ ಮೇಲಷ್ಟೇ ತಲೆಯಾಡಿಸುತ್ತಿದ್ದ.

ಒಂದು ಕೋಷ್ಟಕದಲ್ಲಿ ಎಷ್ಟು ಸಾಲುಗಳಿವೆ ಎಂಬ ಪ್ರಶ್ನೆಗೆ ಯಂತ್ರ ಎರಡು ಬಗೆಯಲ್ಲಿ ಉತ್ತರಿಸುತ್ತದೆ. ಒಂದೊಂದಾಗಿ ಎಣಿಸಿ ಹೇಳಬಹುದು. ಕೋಟಿಗಟ್ಟಲೆ ಸಾಲುಗಳಿದ್ದರೆ ಅದು ಮುಗಿಯುವಷ್ಟರಲ್ಲಿ ಹೊರಗಿನ ಕೌಂಟರುಗಳ ಕಂಪ್ಯೂಟರುಗಳೆಲ್ಲ ತೆವಳತೊಡಗುತ್ತವೆ. ಇಲ್ಲವೇ, ಹಿಂದೆಂದೋ ತಾನೇ ಗುರುತು ಹಾಕಿಕೊಂಡ ಅಂದಾಜನ್ನು ಕಣ್ಮುಚ್ಚಿ ತೆರೆಯುವುದರೊಳಗೆ ಒಪ್ಪಿಸಬಹುದು. ಅಂದಾಜನ್ನು ಅವನು ದಿನವೂ ಬಳಸುತ್ತಿದ್ದ, ಒಂದು ದಿನವೂ ನಂಬುತ್ತಿರಲಿಲ್ಲ.

ದಾಖಲೆಗಳನ್ನು ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸುವ ಗುತ್ತಿಗೆ ಅವನ ಅಕ್ಕನ ಗಂಡನಿಗೇ ಸಿಕ್ಕಿತ್ತು. ಇವನ ಕೈವಾಡವಿದೆಯೇ ಎಂದು ನಾನು ಗುಟ್ಟಾಗಿ ವಿಚಾರಿಸಿದ್ದೆ, ಇರಲಿಲ್ಲ. ಸಾಗಣೆ ಮುಗಿದ ಸಂಜೆ ಹಳೆಯದನ್ನು ಅಳಿಸಿಹಾಕಬೇಕಿತ್ತು, ಇವನ ಒಪ್ಪಿಗೆಯೊಂದು ಬಾಕಿ. ಇವನು ಪಟ್ಟುಹಿಡಿದದ್ದು ಒಂದೇ ಕೋಷ್ಟಕದ ಮೇಲೆ: ಯಾವ ರೋಗಿಗೆ ಯಾವ ಔಷಧ ಒಗ್ಗದು ಎಂಬುದು. ಅಲ್ಲಿ ಸಾಲು ಕಾಣೆಯಾದರೆ ಯಂತ್ರ ಗುಲ್ಲೆಬ್ಬಿಸುವುದಿಲ್ಲ. ಜಾಗ ಖಾಲಿ ಇರುತ್ತದೆ. ಖಾಲಿ ಎಂದರೆ ಏನನ್ನಾದರೂ ಚುಚ್ಚಬಹುದು ಎಂದು ವೈದ್ಯರು ಓದಿಕೊಳ್ಳುತ್ತಾರೆ.

"ನೋಡಪ್ಪಾ, ಅಲ್ಲೂ ಇಲ್ಲೂ ಕೊನೇ ಅಂಕಿವರೆಗೂ ಒಂದೇ. ಇನ್ನೇನು, ಆಣೆ ಹಾಕ್ಬೇಕಾ?" ಎಂದರು ಭಾವ.

"ಎಣಿಸಿದ್ದಾ, ಅಂದಾಜಾ?"

"ಅಂದಾಜೇ. ಎಣಿಸ್ತಾ ಕೂತ್ರೆ ಕೌಂಟರ್ ಮುಂದಿನ ಜನ ನಮ್ಮನ್ನ ಹರಿದು ತಿಂತಾರೆ."

"ಇಬ್ರು ಬೇರೆ ಬೇರೆ ಕೂತು ಅಂದಾಜು ಮಾಡಿದ್ರೆ ಒಂಚೂರಾದ್ರೂ ಆಚೀಚೆ ಆಗ್ಬೇಕು, ಭಾವ. ಆಗಿಲ್ಲ ಅಂದ್ರೆ ಒಬ್ರು ಇನ್ನೊಬ್ರದ್ದು ನೋಡಿ ಬರೆದಿದಾರೆ."

"ಲೇ, ನಮ್ಮನೇಲಿ ಉಂಡು ನನ್ನನ್ನೇ ಕಳ್ಳ ಅಂತೀಯಾ?"

"ಊಟ ಹಾಕಿದ್ದು ಅಕ್ಕ."

ಇಡೀ ಕೋಷ್ಟಕವನ್ನು ಅವನು ಮುಟ್ಟಲಿಲ್ಲ. ರೋಗಿಗಳ ಸಂಖ್ಯೆಗಳಷ್ಟೇ ಇರುವ ತೆಳುವಾದ ಸೂಚಿಯನ್ನು ಹಿಡಿದು, ಅದನ್ನು ತುಂಡುಗಳಾಗಿ ಕತ್ತರಿಸಿ, ಒಂದು ತುಂಡನ್ನು ಎರಡೂ ಸರ್ವರುಗಳಲ್ಲಿ ಎಣಿಸಿ, ಕೌಂಟರುಗಳಿಗೆ ಉಸಿರಾಡಲು ಬಿಟ್ಟು, ಮುಂದಿನದಕ್ಕೆ ಹೋಗುತ್ತಿದ್ದ. ಭಾವ ಮುಖ ಊದಿಸಿಕೊಂಡು ಕೂತಿದ್ದರು. ನಡುವಿನ ಒಂದು ತುಂಡಿಗೆ ಹೊಸ ಸರ್ವರ್ ಸೊನ್ನೆ ಎಂದಿತು. ಸಾಗಣೆ ಅಲ್ಲಿ ಕಡಿದುಹೋಗಿತ್ತು. ಅಂದಾಜು ಮಾತ್ರ ಹಳೆಯ ಸರ್ವರಿನಿಂದ ಮಿಕ್ಕ ಸಾಮಾನಿನೊಡನೆ ಹಾಗೆಯೇ ಸಾಗಿಬಂದಿತ್ತು. ಆಗ ಅವನ ಮುಖದಲ್ಲಿ ಸುಳಿದದ್ದು ಸಂತೋಷವೇ ಎಂಬ ನನ್ನ ಅನುಮಾನ ಇಂದಿಗೂ ಹೋಗಿಲ್ಲ.

ಸಾಲುಗಳನ್ನು ಹಳೆಯದರಿಂದ ಮತ್ತೆ ತಂದೆವು. ಭಾವನ ಗುತ್ತಿಗೆಯನ್ನು ನಾನು ರದ್ದು ಮಾಡಿದೆ. ಕೆಲವು ದಿನಗಳ ಮೇಲೆ ಅಕ್ಕ ಏನಂದರು ಎಂದು ಅವನನ್ನು ಕೇಳಿದೆ.

"ಫೋನ್ ಎತ್ತಲ್ಲ ಮೇಡಂ. ಫೋನ್ ಕೆಟ್ಟಿರ್ಬೇಕು."

ಪರೀಕ್ಷಿಸದ ಮಾತೊಂದನ್ನು ಅವನ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ.

ಇಂಥವರಿಗೆ ಮನುಷ್ಯರ ಮೇಲೆ ನಂಬಿಕೆಯಿಲ್ಲ ಎಂದು ಜನ ದೂರುತ್ತಾರೆ. ನನಗೆ ತಿಳಿದಂತೆ ಅವರ ಜಗಳವೆಲ್ಲ ನೆಮ್ಮದಿಯೊಡನೆ; ಉಳಿದವರು ಉಸ್ಸೆಂದು ಕೂರುವ ಹೊತ್ತಿಗೆ ಅವರು ಎದ್ದು ನಿಲ್ಲುತ್ತಾರೆ. ಅದರಿಂದ ತಾವು ಕಳೆದುಕೊಂಡವರ ಮುಖಗಳು ಅವರಿಗೆ ಚೆನ್ನಾಗಿ ಗೊತ್ತು, ಬಹುಪಾಲು ನೆಂಟರವೇ. ಅದರಿಂದ ಜೀವ ಉಳಿದವರು ಯಾರೆಂದು ಅವರಿಗೆ ತಿಳಿಯುವುದಿಲ್ಲ. ತಾವು ಉಳಿದೆವೆಂಬುದು ಆ ಉಳಿದವರಿಗೂ ತಿಳಿಯುವುದಿಲ್ಲ.