ನದಿಯ ಮಗ

ಅಲ್ಕಾನನ ಅಪ್ಪ ಕೆಲಾಡೋನ್ ನದಿಯೇ ಎಂಬುದರಲ್ಲಿ ಊರಿನ ಯಾರಿಗೂ ಅನುಮಾನವಿರಲಿಲ್ಲ, ಆಡು ಕಾಯುವ ಮೋಲೋಸನೊಬ್ಬನನ್ನು ಬಿಟ್ಟು. ಅವನಿಗೆ ನಿಜ ಗೊತ್ತೇ ಇತ್ತು. ಇಪ್ಪತ್ತೆರಡು ವರ್ಷದ ಹಿಂದೆ ಹಳೆಯ ದೊರೆಯ ಒಬ್ಬಳೇ ಮಗಳು ಮೆಲಿಟೆ ಸ್ನಾನಕ್ಕೆಂದು ಹೊಳೆಗೆ ಬರುತ್ತಿದ್ದಳು, ಇವನು ಆಡುಗಳಿಗೆ ನೀರು ಕುಡಿಸಲು ಬರುತ್ತಿದ್ದ. ಮದುವೆಯಿಲ್ಲದೆ ಬಸುರಾದಾಗ ಅವಳು ನದಿದೇವರ ಹೆಸರು ಹೇಳಿಬಿಟ್ಟಳು. ದೇವರೇ ಅಳಿಯನಾದರೆ ಯಾವ ದೊರೆ ತಾನೇ ಬೇಡವೆಂದಾನು? ಆಡಿನವನ ಹೆಸರು ಹೇಳಿದ್ದರೆ ಚರ್ಮ ಸುಲಿಸುತ್ತಿದ್ದ.

ಮೋಲೋಸ್ ತುಟಿಪಿಟಕ್ಕೆನ್ನಲಿಲ್ಲ. ಮಗ ಬೆಳೆಯುವುದನ್ನು ದೂರದಿಂದಲೇ ನೋಡಿದ, ಒಂದು ಸಲವೂ ಎತ್ತಿಕೊಳ್ಳಲಿಲ್ಲ. ಕಳೆದ ಚಳಿಗಾಲದಲ್ಲಿ ಮೆಲಿಟೆ ತೀರಿಕೊಂಡಳು. ಸಾಯುವ ಮುಂಚೆ ಮಗನಿಗೆ ನಿಜ ಹೇಳಿದಳೋ ಇಲ್ಲವೋ ಎಂಬ ಕೊರಗು ಅಂದಿನಿಂದ ಅವನನ್ನು ಬಿಡಲಿಲ್ಲ. ಕೇಳುವಂತೆಯೂ ಇರಲಿಲ್ಲ. ವಿಷಯ ಹೊರಬಿದ್ದರೆ ಹಿರಿಯರು ಹುಡುಗನ ಕೈಗೆ ದೊರೆತನದ ಕೋಲು ಕೊಡುತ್ತಲೇ ಇರಲಿಲ್ಲ.

ಆ ಕೋಲು ಅಲ್ಕಾನನ ಕೈಗೆ ಬಂದದ್ದು ಇವತ್ತೇ, ತಾತ ಸತ್ತ ಮೇಲೆ. ಹೊಳೆದಂಡೆಯಲ್ಲಿ ಗೂಳಿ ಬಲಿಕೊಟ್ಟು ಮಾಂಸ ಸುಟ್ಟಿದ್ದರು. ದೊರೆಗೆ ಎರಡು ಪಾಲು. ಒಂದು ತಿನ್ನಲು, ಇನ್ನೊಂದು ಮನಸ್ಸಿಗೆ ಬಂದವರಿಗೆ ಕೊಟ್ಟು ಗೌರವಿಸಲು. ತಾತನ ಕಾಲದಲ್ಲಿ ಪ್ರತಿ ಸಲವೂ ಅದು ಹಿರಿಯ ಥೆಸ್ಟೋರನ ಹೊಟ್ಟೆಗೇ ಹೋಗುತ್ತಿತ್ತು.

"ನಿಧಾನಕ್ಕೆ ಕೊಡಿ ದೊರೆ, ನನಗೇನೂ ಅವಸರವಿಲ್ಲ," ಎನ್ನುತ್ತಲೇ ಥೆಸ್ಟೋರ್ ಕೈ ಚಾಚಿದ.

ಅಲ್ಕಾನ್ ಅವನನ್ನು ದಾಟಿಕೊಂಡು, ಜನರ ಹಿಂದೆ ಆಡುಗಳ ನಡುವೆ ನಿಂತಿದ್ದ ಮೋಲೋಸನ ಬಳಿಗೇ ಬಂದ.

"ಅಲ್ಲ ದೊರೆ, ಆಡಿನ ನಾತ ಹೊಡೆಯೋನಿಗೆ ಆ ಪಾಲಾ?" ಥೆಸ್ಟೋರ್ ಗೊಣಗಿದ.

"ಇಷ್ಟು ವರ್ಷ ನಮ್ಮಪ್ಪನ ದಂಡೆ ಕಾದೋನು ಇವನು. ನೀವು ಒಂದಿನ ಆದ್ರೂ ಕಾದಿದ್ದೀರಾ?"

ಜನ ನಕ್ಕರು. ನದಿಯ ಮಗ ನದಿಯ ಕಾವಲಿನವನನ್ನು ಮರೆಯಲಿಲ್ಲವೆಂದು ಹಿಗ್ಗಿದರು.

ಮೋಲೋಸ್ ಒಂದು ಹೆಜ್ಜೆ ಹಿಂದೆ ಸರಿದ. "ಬೇಡ ಒಡೆಯಾ. ಉಳಿದಿರೋದೇ ನಾಲ್ಕು ಹಲ್ಲು. ಇದನ್ನ ಅಗಿಯೋಕಾಗಲ್ಲ ನಂಗೆ."

ದೊರೆ ಅವನ ತೋಳು ಹಿಡಿದು ನೆಲದ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತ. ಚೂರಿ ತೆಗೆದು ಮಾಂಸವನ್ನು ಸಣ್ಣಗೆ ಕೊಯ್ದ. ಒಂದು ಚೂರು ಎತ್ತಿ ಮೋಲೋಸನ ಬಾಯಿಯ ಹತ್ತಿರ ಹಿಡಿದ.

"ತಿನ್ನಪ್ಪ," ಎಂದ.

ವಯಸ್ಸಾದವರನ್ನು ಅಪ್ಪ ಎನ್ನುವುದೇನೂ ದೊಡ್ಡ ಮಾತಲ್ಲ. ದಾರಿಯಲ್ಲಿ ಸಿಕ್ಕವನನ್ನೂ ಹಾಗೇ ಕರೆಯುತ್ತಾರೆ. ಊರಿನವರು ಕೇಳಿ ತಮ್ಮ ಪಾಡಿಗೆ ಊಟಕ್ಕೆ ತಿರುಗಿದರು. ಮೋಲೋಸ್ ಮಾತ್ರ ತಲೆಯೆತ್ತಿ ಆ ಮುಖವನ್ನು ನೋಡಿದ.

ಅಲ್ಕಾನ್ ಬಾಗಿ, ಅವನಿಗಷ್ಟೇ ಕೇಳುವಂತೆ ಹೇಳಿದ: "ಅಂಚು ಕರಕಲಾಗಿರೋ ಚೂರೇ ನಿಂಗಿಷ್ಟ ಅಂತಲ್ಲ. ಹೊಳೆಗೆ ಬರುವಾಗ ಅಮ್ಮ ಬಟ್ಟೇಲಿ ಸುತ್ಕೊಂಡು ತರ್ತಿದ್ದಳಂತೆ."