ಶಹಾಪುರದಿಂದ ಬರುವವಳು

ಬೋರೆ ಎಲೆ ಹಾಕಿದ ಹಂಡೆಯ ಕೆಳಗೆ ತಸ್ಲೀಮಾ ಇನ್ನೊಂದು ಕಟ್ಟಿಗೆ ನೂಕಿದಳು. ಹಸಿ ಕಟ್ಟಿಗೆ, ಬರೀ ಹೊಗೆ. ಒಲೆಯ ಮುಂದೆ ಕೂತವಳ ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆಂದು ಕೇಳುವುದಿಲ್ಲ. ಅದಕ್ಕೇ ಅವಳು ಬೆಳಗಿನಿಂದ ಅಲ್ಲಿಂದ ಎದ್ದಿರಲಿಲ್ಲ.

ಒಳಗೆ ಹಜರಾಬೀಯ ಹೆಣವನ್ನು ಮಲಗಿಸಿದ್ದರು. ರಂಗಂಪೇಟೆಯ ಮುಸಲ್ಮಾನರ ಓಣಿಗಳಲ್ಲಿ ಯಾವ ಹೆಣ್ಣು ತೀರಿಕೊಂಡರೂ ಕೊನೆಯ ಸ್ನಾನ, ಗುಸುಲ್, ಹಜರಾಬೀಯ ಕೈಯಿಂದಲೇ ಆಗುತ್ತಿತ್ತು. ಇಂದು ಅವಳಿಗೇ ಸ್ನಾನ ಮಾಡಿಸುವವರಿರಲಿಲ್ಲ.

ಹಜರಾಬೀಯ ಸೊಸೆ ಗುಡ್ಡಿ ಫೋನು ಹಿಡಿದು ಅಂಗಳಕ್ಕೆ ಬಂದಳು. “ಗುಸುಲ್ ಕೊಡಾಕ ಕರಸಿದ ಶಹಾಪುರದಾಕಿ ಇನ್ನಾ ಬಸ್ ಸ್ಟ್ಯಾಂಡಿನಾಗ ನಿಂತಾಳಂತ. ಬಸ್ಸೇ ಬಂದಿಲ್ಲಂತ. ಮಧ್ಯಾಹ್ನದ ಜೋಹರ್ ನಮಾಜಿಗೆ ಜನಾಜಾ ಎತ್ತಬೇಕಂತ ಗಂಡಸ್ರು ಗಡಿಬಿಡಿ ಮಾಡಾಕತ್ತಾರ. ಇಲ್ಲಿ ಯಾರಿಗರ ಗುಸುಲ್ ಕೊಡಾಕ ಬರ್ತದೇನ್ರಿ?”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮನೆಯ ಮೌನಮ್ಮ ಕಟ್ಟೆಯ ಮೇಲಿಂದಲೇ ಕೂಗಿದಳು. “ಏ ತಸ್ಲೀಮಾ, ನೀ ಹಜರಾಬೀ ಜೋಡಿ ಹೋಗ್ತಿದ್ದಿಲ್ಲ?”

ತಸ್ಲೀಮಾಳ ಕೈ ಕಟ್ಟಿಗೆಯ ಮೇಲೇ ನಿಂತಿತು. ಹಿಂದೆ, ಚಾಪೆಯ ಮೇಲೆ ಆಮೀನಾ ಕೂತಿದ್ದಾಳೆಂಬುದು ಅವಳಿಗೆ ತಿರುಗಿ ನೋಡದೆಯೂ ಗೊತ್ತಿತ್ತು. ಯಾದಗಿರಿಯ ಆಮೀನಾ, ತಸ್ಲೀಮಾಳ ಮಗಳು ಗುಲ್ನಾಜಳನ್ನು ಸೊಸೆ ಮಾಡಿಕೊಳ್ಳಲಿರುವ ಬೀಗತಿ. ಲಗ್ನದ ಬಟ್ಟೆಯ ಮಾತಿಗೆಂದು ಹಿಂದಿನ ದಿನವೇ ಬಂದವಳು, ಸಾವಿನ ಸುದ್ದಿ ಕೇಳಿ ಜೊತೆಗೆ ಬಂದಿದ್ದಳು.

“ನೀರು ಹೊತ್ತು ಕೊಡಾಕ ಹೋಗ್ತಿದ್ದೆ, ಅಷ್ಟ,” ಅಂದಳು ತಸ್ಲೀಮಾ.

ಮೌನಮ್ಮ ಅವಳನ್ನೂ ಹಿಂದೆ ಕೂತ ಆಮೀನಾಳನ್ನೂ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು.

ಆಮೀನಾ ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದಳು. “ನಿಮಗೇನಾಗಬೇಕಿತ್ರಿ ಇವ್ರು?”

“ಓಣ್ಯಾಗಿನೋರು.”

*

ಗುಲ್ನಾಜ್ ತೊಟ್ಟಿಲಲ್ಲಿದ್ದಾಗಲೇ ತಸ್ಲೀಮಾಳ ಗಂಡ ಹೋದ. ವಿಧವೆ ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳು ಮುಗಿದರೂ ಅವಳು ಮೂಲೆ ಬಿಟ್ಟು ಏಳಲಿಲ್ಲ. ಒಂದು ದಿನ ಹಜರಾಬೀ ಬಂದವಳೇ ಕೂಸನ್ನು ಎತ್ತಿ ಮೌನಮ್ಮನ ಮಡಿಲಿಗೆ ಹಾಕಿ, “ಏಳು, ನನಗ ಜೋಡಿಗೆ ಒಬ್ಬಾಕಿ ಬೇಕು,” ಅಂದಳು. ಎಲ್ಲಿಗೆಂದು ಹೇಳಲಿಲ್ಲ.

ಹೋದದ್ದು ಒಬ್ಬ ಮುದುಕಿಯ ಸಾವಿಗೆ. ತಸ್ಲೀಮಾ ಬಾಗಿಲಲ್ಲೇ ನಿಂತಳು. ಹಜರಾಬೀ ಹೆಣದೊಂದಿಗೆ ಮಾತಾಡುತ್ತಿದ್ದಳು. “ಬೂಬೂ, ಈ ಕೈ ಸ್ವಲ್ಪ ಸಡ್ಲ ಬಿಡ್ರಿ... ಹಾಂ, ಹಂಗ. ನೀರು ಬೆಚ್ಚಗ ಅದ, ಅಂಜಬ್ಯಾಡ್ರಿ.”

“ಸತ್ತೋರಿಗೆ ಕೇಳಸ್ತದೇನ್ ಖಾಲಾ?”

“ಅವ್ರಿಗೆ ಕೇಳಸ್ತದೋ ಇಲ್ಲೋ, ನನ್ನ ಕೈಗೆ ಕೇಳಸ್ತದ. ಮಾತಾಡಿದ್ರ ಕೈ ಒರಟಾಗಲ್ಲ. ಬಾ, ಹಿಡಿ.”

ಹಾಗೆ ಹಿಡಿದ ಕೈ ಮುಂದೆ ವರ್ಷಗಟ್ಟಲೆ ಬಿಡಲಿಲ್ಲ. ಗುಸುಲ್ ಒಂದೇ ಅಲ್ಲ, ಬಾಡಿಗೆ ಕೇಳಲು ಬರುವ ಮನೆ ಮಾಲೀಕನ ಎದುರು ದನಿ ಎತ್ತುವುದನ್ನು, ಒಬ್ಬಳೇ ಬಸ್ಸು ಹತ್ತುವುದನ್ನು, ಮತ್ತೆ ನಗುವುದನ್ನು ಹಜರಾಬೀಯೇ ಕಲಿಸಿದಳು.

ಅದು ಪುಣ್ಯದ ಕೆಲಸವೆಂದು ಓಣಿಯೆಲ್ಲ ಹೊಗಳುತ್ತಿತ್ತು. ಆದರೆ ಅರಿಶಿಣ ಹಚ್ಚುವಾಗ, ಬಳೆ ಇಡಿಸುವಾಗ ಹಜರಾಬೀಯನ್ನು ಕರೆಯುತ್ತಿರಲಿಲ್ಲ. ಲಗ್ನದ ಊಟ ಮುಚ್ಚಿದ ತಾಟಿನಲ್ಲಿ ಮನೆಗೇ ಬರುತ್ತಿತ್ತು. ಹಜರಾಬೀ ಉಂಡು ನಗುತ್ತಿದ್ದಳು. “ನನ್ನ ನೋಡಿದ್ರ ಮುದುಕ್ಯಾರಿಗೆ ತಮ್ಮ ಪಾಳಿ ನೆನಪಾಗ್ತದ. ಉಣ್ಣಾಕ ಆಗಬೇಕಲ್ಲ ಪಾಪ!”

ಯಾದಗಿರಿಯಿಂದ ಗುಲ್ನಾಜಳನ್ನು ಕೇಳಿಕೊಂಡು ಬಂದಾಗ ತಸ್ಲೀಮಾಳಿಗೆ ಆ ಮುಚ್ಚಿದ ತಾಟು ಕಣ್ಣ ಮುಂದೆ ಬಂತು. ಮುಂದಿನ ಸಲ ಕರೆ ಬಂದಾಗ, “ಮೊಣಕಾಲು ನೋಯ್ತದ ಖಾಲಾ, ಕೂಡಾಕ ಆಗಲ್ಲ,” ಅಂದಳು. ಹಜರಾಬೀ ಬಗ್ಗಿ ಮೊಣಕಾಲು ಮುಟ್ಟಿ ನೋಡಿ, “ಹೌದವ್ವ, ಬಾವು ಬಂದದ,” ಅಂದಳು. ಬಾವು ಬಂದಿರಲಿಲ್ಲ. ಆಮೇಲೆ ಹಜರಾಬೀ ಒಬ್ಬಳೇ ಹೋಗತೊಡಗಿದಳು.

*

ಶಹಾಪುರದವಳು ಬೆವರು ಒರೆಸಿಕೊಳ್ಳುತ್ತ ಬಂದಳು. ಚಿಕ್ಕ ವಯಸ್ಸು, ಚುರುಕು ಕೈ. “ಇಬ್ರು ಬರ್ರಿ ನನ್ನ ಜೋಡಿ,” ಎಂದು ಗುಡ್ಡಿಯನ್ನು ಕರೆದು, ಒಲೆಯ ಕಡೆ ನೋಡಿದಳು. “ನೀರು ಕಾಸೀರಲ್ಲ, ನೀವೂ ಬರ್ರಿ.”

ಸ್ನಾನದ ಜಾಗಕ್ಕೂ ಅಂಗಳಕ್ಕೂ ನಡುವೆ ಕಟ್ಟಿದ್ದು ತೆಳ್ಳನೆಯ ಚಾದರ. ಹೊರಗಿನ ಕೆಮ್ಮು ಕೂಡ ಒಳಗೆ ಕೇಳುತ್ತಿತ್ತು. ಹೆಣವಿಟ್ಟ ಹಲಗೆಯ ಹತ್ತಿರ ಕೂತದ್ದೇ ತಸ್ಲೀಮಾಳ ಎಡಗೈ ತಾನಾಗಿಯೇ ಹಜರಾಬೀಯ ಕತ್ತಿನ ಕೆಳಗೆ ಹೋಯಿತು.

“ಮೊದ್ಲ ಮಾಡೀರೇನ್ರಿ?” ಶಹಾಪುರದವಳು ಕೇಳಿದಳು.

ಚಾದರದಾಚೆ ಆಮೀನಾಳ ಬಳೆ ಸದ್ದಾಯಿತು.

“ಇಲ್ರಿ.”

“ಹಂಗಾರ ಹೇಳ್ದಂಗ ಮಾಡ್ರಿ. ಬಲಗಡಿ ಮೊದ್ಲು. ಮ್ಯಾಲಿನ ಬಟ್ಟಿ ಸರೀಬಾರ್ದು ನೋಡ್ರಿ.”

ತಸ್ಲೀಮಾ ಹೇಳಿದ ಹಾಗೆ ಮಾಡಿದಳು. ಬಲಗಡೆ ಮೊದಲು. ಹೊಸಬರಂತೆ, ಒಂದೊಂದಕ್ಕೂ ತಲೆಯಾಡಿಸುತ್ತ. ಶಹಾಪುರದವಳ ಕೆಲಸದಲ್ಲಿ ಕೊರತೆಯೇನೂ ಇರಲಿಲ್ಲ, ಮಾತು ಮಾತ್ರ ಇರಲಿಲ್ಲ. ಹಜರಾಬೀಯ ಮೈಮೇಲೆ ನೀರು ಸುಮ್ಮನೆ ಬೀಳುತ್ತಿತ್ತು. ಒಮ್ಮೆ ತಸ್ಲೀಮಾಳ ತುಟಿ ಅಲುಗಿತು. “ಖಾಲಾ, ಕೈ ಸ್ವಲ್ಪ...” ಚಾದರದತ್ತ ನೋಡಿ ಅವಳು ಚೆಂಬಿಗೆ ನೀರು ತುಂಬಿಕೊಂಡಳು. ಕೊನೆಗೆ ಕರ್ಪೂರದ ನೀರು ಹಾಕಿದರು. ಕೂದಲು ಹೆಣೆದು ಕಫನ್ನಿನ ಬಿಳಿ ಬಟ್ಟೆ ಸುತ್ತಿದರು.

ಗಂಡಸರು ಜನಾಜಾ ಎತ್ತಿಕೊಂಡು ಹೊರಟ ಮೇಲೆ, ಹಿತ್ತಲಲ್ಲಿ ಗುಡ್ಡಿ ತಸ್ಲೀಮಾಳ ತೋಳು ಹಿಡಿದಳು.

“ಆಪಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಜಡ್ಡು ಬಿದ್ದಾಗ ಅತ್ತೇರೇ ಶಹಾಪುರದಾಕಿ ನಂಬರ್ ನನ್ನ ಫೋನಿನಾಗ ಹಾಕ್ಸಿದ್ರು. ‘ನಾ ಹೋದ್ರ ಆಕಿನ್ನ ಕರಸ್ರಿ, ತಸ್ಲೀಮಾನ್ನ ಕೇಳಬ್ಯಾಡ್ರಿ. ಆಕಿ ಮಗಳ ಲಗ್ನ ಚೊಲೋತ್ನಂಗ ಆಗ್ಲಿ’ ಅಂದಿದ್ರು. ನಾನ ಗಡಿಬಿಡ್ಯಾಗ ಎಲ್ಲಾರ ಮುಂದ ಕೇಳಿಬಿಟ್ಟೆ.”

ಅಷ್ಟರಲ್ಲಿ ಆಮೀನಾ ಚೆಂಬು, ಸಾಬೂನು ಹಿಡಿದು ಹಿತ್ತಲಿಗೆ ಬಂದಳು.

“ಬರ್ರಿ, ಕೈ ತೊಳ್ಕೋರಿ. ಬ್ಯಾರೆ ಯಾರೂ ಸಿಗ್ಲಿಲ್ಲೇನು ಆ ಶಹಾಪುರದಾಕಿಗೆ? ಎಂಥಾ ಕೆಲ್ಸ ಬಂತು ನೋಡ್ರಿ ನಿಮ್ಮ ಪಾಲಿಗೆ.”

ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. ತಸ್ಲೀಮಾಳ ಕೈಗೆ ತಾಗದಂತೆ ಚೆಂಬನ್ನು ಎತ್ತರಿಸಿ ಹಿಡಿದು ಅವಳು ನೀರು ಹೊಯ್ದಳು. ತಸ್ಲೀಮಾ ಅಂಗೈ, ಬೆರಳ ಸಂದು, ಮಣಿಕಟ್ಟು ಉಜ್ಜಿದಳು.

“ಇನ್ನಾ ಕರ್ಪೂರದ ವಾಸ್ನಿ ಬರಾಕತ್ತದ,” ಅಂದಳು ಆಮೀನಾ.

ಓಣಿಯ ತಿರುವಿನಾಚೆ ಕಲ್ಮಾ ಹೇಳುವ ಗಂಡಸರ ದನಿ ಸಣ್ಣಗಾಗುತ್ತಿತ್ತು. ತಸ್ಲೀಮಾ ಮತ್ತೆ ಸಾಬೂನು ತೆಗೆದುಕೊಂಡು ಮೊಣಕೈವರೆಗೂ ಹಚ್ಚಿದಳು. ಬಚ್ಚಲ ಕಲ್ಲಿನ ಮೇಲಿಂದ ಬಿಳಿ ನೊರೆ ಮೆಲ್ಲಗೆ ಮೋರಿಗೆ ಇಳಿಯಿತು. ಅವಳು ಇನ್ನೊಮ್ಮೆ ಕೈ ಚಾಚಿದಳು.