ಪಾರಿವಾಳದ ಹದಿನಾಲ್ಕು ಮೈಲು

ಬನಹಟ್ಟಿಯಿಂದ ಮುಧೋಳ ಎಷ್ಟು ದೂರ ಎಂದು ಕೇಳಿದರೆ ಸಾಬಣ್ಣ ತನ್ನ ಒಡೆದ ಹಿಮ್ಮಡಿ ತೋರಿಸುತ್ತಿದ್ದ. ಮುಧೋಳ ಪೇಟೆಯ ಅರಳೆಯ ಧಾರಣೆ ಬರೆದ ಚೀಟಿಯನ್ನು ಪಾರ್ಶ್ವನಾಥ ಸಾವುಕಾರರಿಗೆ ತಂದು ಮುಟ್ಟಿಸುವುದು ಒಂಬತ್ತು ವರ್ಷದಿಂದ ಅವನ ಕೆಲಸ. ಹದಿನೆಂಟು ಮೈಲು ದಾರಿ, ಆರು ತಾಸು ನಡಿಗೆ.

ಸಾವುಕಾರರ ಮಗ ಭರತೇಶ ಕೊಲ್ಲಾಪುರದಲ್ಲಿ ಓದು ಮುಗಿಸಿ ಬಂದವನೇ ಮುಧೋಳ ಸಂಸ್ಥಾನದ ನಕಾಶೆ ಹರವಿ, ಅಳತೆಪಟ್ಟಿ ಇಟ್ಟ. ಅಟ್ಟದ ಮೇಲೆ ಒಂದು ಪಾರಿವಾಳವನ್ನೂ ಸಾಕಿದ್ದ.

"ಸಾಬಣ್ಣಾ, ಹಕ್ಕಿ ಹಾರೂ ದಾರಿ ಬರೇ ಹದಿನಾಲ್ಕು ಮೈಲು. ಅರ್ಧಾ ತಾಸು, ಆತು!"

"ನನಗ ರೆಕ್ಕಿ ಇಲ್ರಿ ಸಣ್ಣ ಸಾವ್ಕಾರ್ರ. ಇದ್ದಿದ್ರ ನಾನೂ ಅಟ್ಟದಾಗ ಜ್ವಾಳಾ ತಿಂದಕೋತ ಇರತಿದ್ನಿ."

ಪರೀಕ್ಷೆಗೆಂದು ಹಕ್ಕಿಯನ್ನು ಬುಟ್ಟಿಯಲ್ಲಿ ಹೊತ್ತು ಮುಧೋಳಕ್ಕೆ ಒಯ್ದವನೂ ಸಾಬಣ್ಣನೇ. ಮರುದಿನ ಮುಂಜಾನೆ ಎಂಟಕ್ಕೆ ಪೇಟೆಯವರು ಅದರ ಕಾಲಿಗೆ ಚೀಟಿ ಕಟ್ಟಿ ಬಿಟ್ಟರು. ಇವನೂ ಆಗಲೇ ಹೊರಟ. ಮಧ್ಯಾಹ್ನ ಎರಡಕ್ಕೆ ಬೆವರು ಸುರಿಸುತ್ತ ಬನಹಟ್ಟಿ ಮುಟ್ಟಿದಾಗ ಪಾರಿವಾಳ ಒಂದು ನಿದ್ದೆ ತೆಗೆದು ಎದ್ದಿತ್ತು.

"ನಾಳಿಂದ ಬರಬ್ಯಾಡ ಸಾಬಣ್ಣಾ," ಎಂದ ಭರತೇಶ. "ನಿಂದೇನೂ ತಪ್ಪಿಲ್ಲ. ದಾರೀದು ತಪ್ಪು."

ಸಾಬಣ್ಣ ಮನೆಗೆ ನಡೆದ. ಒಂಬತ್ತು ವರ್ಷ ಸವೆಸಿದ ಕಾಲಿಗೆ ಹಿಡಿ ಜೋಳದ ಬೆಲೆಯೂ ಇಲ್ಲ!

"ಅಂದಾಂವ ಅಂದ, ನೀ ಸುಮ್ಮನ ಬಂದ್ಯಾ?" ಎಂದಳು ಹೆಂಡತಿ ಲಗಮವ್ವ.

"ಮತ್ತೇನು, ಹಕ್ಕಿ ಸಂಗಾಟ ಜಗಳಾಡ್ಲೇನು?"

ಮೂರನೆಯ ದಿನ ಮುಧೋಳದ ಸಂತೆ; ಅಂದಿನ ಧಾರಣೆ ಬೇಕೇ ಬೇಕು. ಮುಂಜಾನೆಯೇ ಭರತೇಶ ಸಾಬಣ್ಣನ ಬಾಗಿಲಿಗೆ ಬಂದ. ಕೈಯಲ್ಲಿ ಹಕ್ಕಿಯ ಬುಟ್ಟಿ, ಮುಖ ಸಪ್ಪಗೆ.

"ಮುಧೋಳಕ್ಕ ಹೋಗಂದ್ರ ಹಕ್ಕಿ ಹೋಗವಲ್ದು. ನಾಕ ಸಲ ಬಿಟ್ಟೆ. ಒಂದ ಸುತ್ತು ಹಾಕಿ ಅಟ್ಟಕ್ಕ ಬಂದು ಕುಂಡರತೈತಿ. ಅದು ಮನೀಗಷ್ಟ ಹಾರತೈತಿ."

ಒಳಗೆ ಲಗಮವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಸಾಬಣ್ಣ ನಗಲಿಲ್ಲ.

"ಇವತ್ತೊಂದಿನ ಒಯ್ಯೋ ಸಾಬಣ್ಣಾ. ಕೆಲಸದ ಮಾತು ಆಮ್ಯಾಲ ನೋಡೂಣು."

"ಒಂದ ದಿನದ್ದಾದ್ರ ಬುಟ್ಟಿ ನೀವ ಹೊರ್ರಿ. ಅರ್ಧಾ ತಾಸಿನ ದಾರಿ. ನಾ ಮುಂದ ನಡದು ತೋರಸ್ತೀನಿ."

ಭರತೇಶನಿಗೂ ರೋಷ ಬಂತು. ಹೊತ್ತ. ನಡುದಾರಿಯ ಮಹಾಲಿಂಗಪುರ ಬರುವಷ್ಟರಲ್ಲಿ ಬೂಟು ಕಚ್ಚಿ ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದಿದ್ದವು. ಬೇವಿನ ನೆರಳಲ್ಲಿ ಕುಸಿದು ಕೂತ.

"ಇನ್ನೆಷ್ಟೈತಿ?"

"ಹಕ್ಕಿಗಾದ್ರ ಇಪ್ಪತ್ತು ಮಿನಿಟ್ರಿ. ನಿಮ್ಮ ಬೂಟಿಗಾದ್ರ ನಾಳಿ ಮುಂಜಾನಿ."

ಭರತೇಶ ಪೆನ್ಸಿಲ್ಲು ತೆಗೆದ. "ಗಾಡಿ ಕಳಸಂತ ಅಪ್ಪಗ ಬರೀತೀನಿ. ಹಕ್ಕಿ ಬಿಡು."

ಸಾಬಣ್ಣ ಬುಟ್ಟಿಯ ಮುಚ್ಚಳದ ಮೇಲೆ ಕೈ ಊರಿದ.

"ಮೊದಲ ನಂದು ಬರೀರಿ. ಸಾಬಣ್ಣನ ಕೆಲಸ ಕಾಯಂ ಅಂತ. ಅದರ ಕೆಳಗ ನಿಮ್ಮ ಗಾಡಿ."

"ಮನೀಗೆ ಹೋದಮ್ಯಾಲ ಹೇಳ್ತೀನಲ್ಲೋ!"

"ಹಂಗಾರ ಮನೀಗೆ ನಡ್ಕೋತ ಹೋಗ್ರಿ."

ಭರತೇಶ ಕಾಲು ನೋಡಿಕೊಂಡ. ಬರೆದ. ಓದು ಬಾರದ ಸಾಬಣ್ಣ ಅವನಿಂದಲೇ ಓದಿಸಿದ, ನಂಬಿಕೆ ಬರಲಿಲ್ಲ. ಹಾದಿಹೋಕ ಅಯ್ಯನವರೊಬ್ಬರನ್ನು ನಿಲ್ಲಿಸಿ ಇನ್ನೊಮ್ಮೆ ಓದಿಸಿದ. ಆಮೇಲೆಯೇ ಮುಚ್ಚಳ ತೆಗೆದು, ಹಕ್ಕಿಯ ಕಾಲಿಗೆ ಚೀಟಿ ಕಟ್ಟಿ ಬಿಟ್ಟ. ಪಾರಿವಾಳ ಬೇವಿನ ತುದಿ ದಾಟಿ ಬನಹಟ್ಟಿಯ ಕಡೆ ಹಾರಿತು. ಸಾಬಣ್ಣ ಧೋತರ ಎತ್ತಿ ಕಟ್ಟಿದ.

"ಲೇ, ಗಾಡಿ ಬರೂತನಕ ನಾ ಒಬ್ಬನ ಕುಂಡರ್ಲೇನು?"

"ನನಗ ಕೆಲಸಾ ಐತ್ರಿ," ಎಂದು ಸಾಬಣ್ಣ ಮುಧೋಳದ ದಾರಿ ಹಿಡಿದ.